ಹುಲ್ಲಿನ ಪೆಂಡಿಯೋ, ಹಳೇ ಇಟ್ಟಿಗೆಯೋ, ಮಣ್ಣಿನ ಬ್ಲಾಕೋ: ಬಯಲುಸೀಮೆಯಲ್ಲಿ ಕಡಿಮೆ ಖರ್ಚಿನ ವರ್ಕ್‌ಶಾಪ್ ಕಟ್ಟುವವರಿಗೆ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಕಟಾವು ಮುಗಿದ ಮೇಲೆ ಗದ್ದೆಯಲ್ಲಿ ಬಿದ್ದಿರುವ ಹುಲ್ಲನ್ನು ಒಂದೋ ಬೇಲರ್ ಯಂತ್ರ ತಂದು ಪೆಂಡಿ ಕಟ್ಟುತ್ತಾರೆ, ಇಲ್ಲವೇ ಸುಡುತ್ತಾರೆ. ಆ ಪೆಂಡಿಗಳನ್ನೇ ಇಟ್ಟಿಗೆಯಂತೆ ಪೇರಿಸಿ ಎರಡೂ ಕಡೆ ಮಣ್ಣು ಮೆತ್ತಿದರೆ ಗಟ್ಟಿಯಾದ, ತಂಪಾದ ಗೋಡೆಯಾಗುತ್ತದೆ. ಅಮೆರಿಕದ ನೆಬ್ರಾಸ್ಕಾದ ಮರಳುದಿಬ್ಬದ ಸೀಮೆಯಲ್ಲಿ ಮರವೂ ಕಲ್ಲೂ ಸಿಗದ ರೈತರು ಪೆಂಡಿ ಕಟ್ಟುವ ಯಂತ್ರ ಬಂದ ಹೊಸದರಲ್ಲೇ, 19ನೇ ಶತಮಾನದ ಕೊನೆಗೆ, ಇದನ್ನು ಶುರುಮಾಡಿದರು. ಅಲ್ಲಿನ ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಕಟ್ಟಿದ ಪೆಂಡಿ ಗೋಡೆಯ ಚರ್ಚು ಇಂದಿಗೂ ನಿಂತಿದೆ.

ಆದರೆ ಗೋಡೆಗೆ ಹುಲ್ಲು ಬಳಸಿದ ಮಾತ್ರಕ್ಕೆ ಶೆಡ್ಡು ಅಗ್ಗವಾಗುವುದಿಲ್ಲ. ದುಡ್ಡು ಹೋಗುವುದು ಪಾಯಕ್ಕೆ, ಕಂಬಕ್ಕೆ, ಚಾವಣಿಗೆ. ಅಲ್ಲಿ ಉಳಿಸಿಕೊಡುವುದು ಹಳೇ ಸಾಮಾನು. ಹುಲ್ಲು ಕೊಡುವುದು ತಂಪನ್ನು. ಆ ತಂಪು ನಿಮ್ಮ ಕೆಲಸಕ್ಕೆ ಬೇಕೋ ಬೇಡವೋ ಎಂಬುದು ಮೊದಲ ಪ್ರಶ್ನೆ. ಬೇಕು ಎಂದಾದರೆ ಪಾಯ ಮತ್ತು ಚಾವಣಿಯಲ್ಲಿ ಜಿಪುಣತನ ಮಾಡದೆ ಕಟ್ಟಬಲ್ಲಿರಾ ಎಂಬುದು ಎರಡನೆಯದು. ಎರಡರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಹಳೇ ಇಟ್ಟಿಗೆಯ ಗೋಡೆಯೇ ಲೇಸು.

ಮೊದಲು ಕೆಲಸ ನೋಡಿ, ಆಮೇಲೆ ಗೋಡೆ

ಬಾಗಿಲು ಹಾಕಿಕೊಂಡು ದಿನವಿಡೀ ಒಳಗೆ ಕೂತು ಮಾಡುವ ಕೆಲಸಗಳಿಗೆ ಪೆಂಡಿ ಗೋಡೆ ನಿಜವಾಗಿ ಒದಗುತ್ತದೆ: ಹೊಲಿಗೆ, ಮಗ್ಗ, ಎಲೆಕ್ಟ್ರಾನಿಕ್ಸ್ ರಿಪೇರಿ, ಮೋಟರ್ ವೈಂಡಿಂಗ್, ಸಣ್ಣ ಬಡಗಿ ಕೆಲಸ, ಬೀಜ ಸಂಗ್ರಹ. ಒಂದೂವರೆ ಅಡಿ ದಪ್ಪದ ಪೆಂಡಿ ಗೋಡೆ ಒಂಬತ್ತಿಂಚಿನ ಇಟ್ಟಿಗೆ ಗೋಡೆಗಿಂತ ಹತ್ತು ಪಟ್ಟಿಗೂ ಹೆಚ್ಚು ಶಾಖ ತಡೆಯುತ್ತದೆ. ಬಡಗಿ ಯಂತ್ರದ ಸದ್ದು ಪಕ್ಕದ ಮನೆಗೆ ಹೋಗುವುದೂ ಬಹಳ ಕಡಿಮೆಯಾಗುತ್ತದೆ.

ಷಟರ್ ಬೆಳಗಿನಿಂದ ಸಂಜೆವರೆಗೆ ತೆರೆದೇ ಇರುವ ಬೈಕ್ ರಿಪೇರಿ, ಟ್ರ್ಯಾಕ್ಟರ್ ರಿಪೇರಿ ಶೆಡ್ಡಿಗೆ ಇದರಿಂದ ಏನೂ ಲಾಭವಿಲ್ಲ. ಬಿಸಿಗಾಳಿ ಬಾಗಿಲಿನಿಂದಲೇ ಒಳಗೆ ಬರುವಾಗ ಗೋಡೆ ಎಷ್ಟು ದಪ್ಪವಿದ್ದರೇನು? ಅಲ್ಲಿ ಪಡುವಣ ಬಿಸಿಲಿಗೆ ಅಡ್ಡವಾಗಿ ಒಂದು ಗೋಡೆ, ಮೇಲೆ ಒಳ್ಳೆಯ ಚಾವಣಿ ಇದ್ದರೆ ಸಾಕು.

ವೆಲ್ಡಿಂಗ್, ಗ್ರೈಂಡಿಂಗ್ ಕೆಲಸವನ್ನು ಪೆಂಡಿ ಗೋಡೆಯ ಕೋಣೆಯೊಳಗೆ ಇಡಬೇಡಿ. ಗಿಲಾವು ಪೂರ್ತಿಯಾದ ಗೋಡೆ ಬೆಂಕಿಗೆ ಚೆನ್ನಾಗಿಯೇ ತಡೆ ಕೊಡುತ್ತದೆ. ಅಮೆರಿಕದಲ್ಲಿ 2006ರಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಗೋಡೆ 1 ಗಂಟೆ, ಸುಣ್ಣ–ಸಿಮೆಂಟಿನ ಗಿಲಾವಿನದು 2 ಗಂಟೆ ತಾಳಿತು. ಅಪಾಯ ಇರುವುದು ಗಿಲಾವು ಉದುರಿದ ಮೂಲೆಯಲ್ಲಿ, ಸುತ್ತಿಗೆಯ ಏಟಿಗೆ ಬಿದ್ದ ತೂತಿನಲ್ಲಿ. ಒಂದು ಕಿಡಿ ಒಳಗೆ ಹೋದರೆ ಹೊಗೆಯಾಡುತ್ತಾ ಗಂಟೆಗಟ್ಟಲೆ ಕಾಣದೆ ಉರಿಯುತ್ತದೆ. ವೆಲ್ಡಿಂಗ್ ಬೇಕೇ ಬೇಕಿದ್ದರೆ ಹೊರಗೆ ಪಡಸಾಲೆ ಇಳಿಸಿ, ಅದರ ಬೆನ್ನಿಗೆ ಇಟ್ಟಿಗೆ ಗೋಡೆ ಕಟ್ಟಿ.

ಮಲೆನಾಡು, ಕರಾವಳಿಯವರಿಗೆ ಈ ಗೋಡೆಯನ್ನು ನಾವು ಹೇಳುವುದಿಲ್ಲ. ನಾಲ್ಕು ತಿಂಗಳು ಗಾಳಿಯೇ ಒದ್ದೆಯಾಗಿರುವ ಕಡೆ ಹುಲ್ಲು ಒಣಗಲು ಬಿಡುವೇ ಸಿಗದು. ಅಲ್ಲಿ ಕೆಡವಿದ ಮನೆಗಳ ಮುರಕಲ್ಲು ಸಿಗುತ್ತದೆ. ಅದಕ್ಕಿಂತ ಒಳ್ಳೆಯ ಹಳೇ ಸಾಮಾನು ಇನ್ನೊಂದಿಲ್ಲ. ಮುಂದಿನದೆಲ್ಲ ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ದಾವಣಗೆರೆಯಂಥ ಒಣ ಸೀಮೆಯ ಲೆಕ್ಕ.

ಮೂರು ಗೋಡೆ, ಒಂದೇ ಅಳತೆ

ಹೋಲಿಸಲು ಒಂದು ಅಳತೆ ಇಟ್ಟುಕೊಳ್ಳೋಣ: ಒಳಗೆ 12 ಅಡಿ ಅಗಲ, 18 ಅಡಿ ಉದ್ದ, ಗೋಡೆಯ ಎತ್ತರ 8 ಅಡಿ. ಆರು ಅಡಿಯ ಜೋಡಿ ಬಾಗಿಲು ಒಂದು, ನಾಲ್ಕು ಅಡಿಯ ಕಿಟಕಿ ಮೂರು. ಇವನ್ನು ಕಳೆದರೆ ಉಳಿಯುವ ಗೋಡೆ ಸುಮಾರು 455 ಚದರಡಿ.

ಪೆಂಡಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 14 ಇಂಚು ಎತ್ತರದ್ದಾದರೆ, ಅಡ್ಡ ಮಲಗಿಸಿ ಪೇರಿಸಲು 130 ಬೇಕು. ಒಡೆದದ್ದು, ಮೂಲೆಯ ತುಂಡು, ಕೆಟ್ಟದ್ದು ಸೇರಿಸಿ 150 ತನ್ನಿ. ಇದು ಒಂದು ಲಾರಿ ಅಥವಾ ಎರಡು ಟ್ರೇಲರ್ ಲೋಡು. ಹುಲ್ಲಿಗೆ ತೂಕವಿಲ್ಲ, ಗಾತ್ರವಿದೆ. ಹಾಗಾಗಿ ಬಾಡಿಗೆ ದೂರಕ್ಕೆ ತಕ್ಕಂತೆ ಏರುತ್ತದೆ. ಗದ್ದೆ 40–50 ಕಿ.ಮೀ. ಒಳಗಿದ್ದರೆ ಮಾತ್ರ ಪೆಂಡಿಯ ಲೆಕ್ಕ ಕೂಡಿಬರುತ್ತದೆ.

ಹಳೇ ಇಟ್ಟಿಗೆಯ ಒಂಬತ್ತಿಂಚಿನ ಗೋಡೆಗೆ 4,700ರ ಆಸುಪಾಸು ಇಟ್ಟಿಗೆ ಬೇಕು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್‌ಟ್ರ್ಯಾಪ್ ಕಟ್ಟು — ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ರೀತಿ — ಅನುಸರಿಸಿದರೆ ಸುಮಾರು 3,600ಕ್ಕೆ ಇಳಿಯುತ್ತದೆ, ಟೊಳ್ಳಿನಿಂದ ಬಿಸಿಯೂ ತುಸು ಕಡಿಮೆ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಯ ಇಟ್ಟಿಗೆಯನ್ನೇ ಹುಡುಕಿ. ಸಿಮೆಂಟಿನಲ್ಲಿ ಕಟ್ಟಿದ್ದನ್ನು ಬಿಡಿಸಲು ಹೋದರೆ ಗಾರೆ ಉಳಿದು ಇಟ್ಟಿಗೆ ಒಡೆಯುತ್ತದೆ; ಕೆರೆಯುವ ಕೂಲಿ ಹೊಸ ಇಟ್ಟಿಗೆಯ ಬೆಲೆಯನ್ನು ಮುಟ್ಟುತ್ತದೆ. ರ‍್ಯಾಟ್‌ಟ್ರ್ಯಾಪ್‌ಗೆ ಅಳತೆ ಒಂದೇ ಇರುವ, ಅಂಚು ಮುಕ್ಕಾಗದ ಇಟ್ಟಿಗೆ ಬೇಕು. ಹಳೇ ರಾಶಿಯಲ್ಲಿ ಅಂಥದ್ದು ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಸಾಮಾನ್ಯ ಕಟ್ಟಿಗೇ ಹೋಗಿ.

ಮೂರನೆಯದು ಒತ್ತಿದ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದೇ ಹುಟ್ಟಿದ ‘ಅಸ್ತ್ರ’ ಕೇಂದ್ರದ ಕೆಲಸದಿಂದ ಕರ್ನಾಟಕದಲ್ಲಿ ಇದು ಪರಿಚಿತ. 230×190×100 ಮಿ.ಮೀ. ಬ್ಲಾಕಿನಲ್ಲಿ 190 ಮಿ.ಮೀ. ದಪ್ಪದ ಗೋಡೆಗೆ 1,600 ಬೇಕು. ಕೆಂಪು ಮಣ್ಣಿಗೆ 6ರಿಂದ 8 ಶೇಕಡಾ ಸಿಮೆಂಟು ಬೆರೆಸಿ, ಒತ್ತಿ, ಮೂರು ವಾರ ನೀರು ಹಾಯಿಸಿ ಕಾಯಬೇಕು. ಎರೆ ಮಣ್ಣಿನಲ್ಲಿ ಸಿಮೆಂಟು ಹಿಡಿಯುವುದಿಲ್ಲ. ಅಂಥ ಊರಿನಲ್ಲಿ ಕೆಂಪು ಮಣ್ಣನ್ನು ಹೊರಗಿನಿಂದ ತರಿಸಬೇಕಾಗುವುದರಿಂದ ಈ ದಾರಿಯ ಅಗ್ಗತನ ಅಲ್ಲಿಗೇ ಮುಗಿಯಿತು. ಹಳೇ ಸಾಮಾನಿನ ಲಾಭವೂ ಇದರಲ್ಲಿಲ್ಲ. ಆದರೆ ಗೆದ್ದಲು, ಇಲಿ, ಬೆಂಕಿ ಮೂರರ ಚಿಂತೆಯೂ ಇಲ್ಲ. ಅದನ್ನು ಕಡಿಮೆ ಎಣಿಸಬೇಡಿ.

ಬೆಲೆ ಹೋಲಿಸುವಾಗ ಪೆಂಡಿಯ ದರ, ಇಟ್ಟಿಗೆಯ ದರ ಎದುರುಬದುರು ಇಡಬೇಡಿ. ಪ್ರತಿ ಗೋಡೆಗೂ ‘ಜಾಗಕ್ಕೆ ಬಂದು ಬಿದ್ದ ಬೆಲೆ + ಕಟ್ಟುವ ಕೂಲಿ + ಗಿಲಾವು’ ಮೂರನ್ನೂ ಕೂಡಿಸಿ. ಇಟ್ಟಿಗೆ, ಬ್ಲಾಕ್ ಗೋಡೆಗಳನ್ನು ಗಿಲಾವು ಮಾಡದೆ ಹಾಗೇ ಬಿಡಬಹುದು. ಪೆಂಡಿ ಗೋಡೆಗೆ ಒಳಗೂ ಹೊರಗೂ ಸೇರಿ 910 ಚದರಡಿ ಗಿಲಾವು ಕಡ್ಡಾಯ, ಅದೂ ಮೂರು ಪದರ. ನಾಲ್ಕು ಜನ ಸೇರಿದರೆ ಪೆಂಡಿ ಪೇರಿಸುವುದು ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಗಿಲಾವು ಎರಡು ಮೂರು ವಾರ ಹಿಡಿಯುತ್ತದೆ. ಮನೆಮಂದಿ, ಗೆಳೆಯರು ಕೈಜೋಡಿಸುವುದಾದರೆ ಪೆಂಡಿ ಅಗ್ಗ. ಎಲ್ಲವನ್ನೂ ದಿನಗೂಲಿಗೆ ಮಾಡಿಸುವುದಾದರೆ ಹಳೇ ಇಟ್ಟಿಗೆಯ ಗೋಡೆಯೇ ಅಗ್ಗವಾಗುವ ಸಂಭವ ಹೆಚ್ಚು.

ಎರಡನ್ನೂ ಬೆರೆಸುವುದು ನಮಗೆ ಹೆಚ್ಚು ಮೆಚ್ಚುಗೆಯಾದ ದಾರಿ. ನಮ್ಮ ಅಕ್ಷಾಂಶದಲ್ಲಿ, ಅಂದರೆ 14–16 ಡಿಗ್ರಿಯಲ್ಲಿ, ಬೇಸಿಗೆಯ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಬಿಸಿಲು ಮೊದಲು ಬೀಳುವುದು ಚಾವಣಿಗೆ, ಆಮೇಲೆ ಪೂರ್ವ–ಪಶ್ಚಿಮದ ಗೋಡೆಗಳಿಗೆ. ಉದ್ದನೆಯ ಗೋಡೆಗಳನ್ನು ಉತ್ತರ–ದಕ್ಷಿಣಕ್ಕೆ ಮುಖ ಮಾಡಿಸಿ, ಗಿಡ್ಡ ಗೋಡೆಗಳೆರಡನ್ನು ಪೆಂಡಿಯಲ್ಲಿ, ಬಾಗಿಲು ಕಿಟಕಿ ಇರುವ ಉದ್ದ ಗೋಡೆಗಳನ್ನು ಹಳೇ ಇಟ್ಟಿಗೆಯಲ್ಲಿ ಕಟ್ಟಿದರೆ ಗಿಲಾವಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪಡುವಣ ಬಿಸಿಲಿನ ಕಾಟವೂ ತಪ್ಪುತ್ತದೆ.

ಯಾವ ಹುಲ್ಲು, ಎಂಥ ಪೆಂಡಿ

ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲಿ ಭತ್ತದ ಹುಲ್ಲು ಸುಡುವುದಕ್ಕೆ ಕಾನೂನಿನ ಕಡಿವಾಣ ಬಿದ್ದ ಮೇಲೆ ಅದೇ ಹುಲ್ಲಿನಿಂದ ಮನೆ ಕಟ್ಟುವುದು ಹೆಚ್ಚಿತು. ರಾಗಿ ಹುಲ್ಲು ದನಗಳ ಬಾಯಿಗೆ ಹೋಗಬೇಕಾದದ್ದು, ಗೋಡೆಗಲ್ಲ. ಜೋಳದ ದಂಟು, ಮೆಕ್ಕೆಜೋಳದ ದಂಟು ದಪ್ಪ, ಒತ್ತಿದರೂ ಬಿಗಿಯಾಗದು. ಕಬ್ಬಿನ ರವದಿಯಲ್ಲಿ ಎಲೆ ಜಾಸ್ತಿ, ಸಿಹಿಯ ಅಂಶವೂ ಉಳಿದಿರುವುದರಿಂದ ಇರುವೆ, ಬೂಸ್ಟು ಹಿಡಿಯುತ್ತದೆ. ಬರದ ವರ್ಷದಲ್ಲಿ ಮೇವಿಗೆ ಹಾಹಾಕಾರ ಇರುವಾಗ ಭತ್ತದ ಹುಲ್ಲನ್ನೂ ಗೋಡೆಗೆ ಕೊಳ್ಳಬೇಡಿ. ಆ ವರ್ಷ ಬೆಲೆಯೂ ಒಪ್ಪದು, ಮನಸ್ಸೂ ಒಪ್ಪಬಾರದು.

ನಮ್ಮಲ್ಲಿ ಓಡಾಡುವ ಬೇಲರ್‌ಗಳಲ್ಲಿ ಉರುಳೆಯಾಕಾರದ ಪೆಂಡಿ ಕಟ್ಟುವವು ಬಹಳ. ಅವು ಗೋಡೆಗೆ ಬಾರವು. ಆಯತಾಕಾರದ, ಎರಡು ಹುರಿಯ ಪೆಂಡಿ ಕಟ್ಟುವ ಯಂತ್ರ ಯಾರ ಬಳಿಯಿದೆ ಎಂದು ಕಟಾವಿಗೆ ಮೊದಲೇ ವಿಚಾರಿಸಿ, ‘ಬಿಗಿ ಹೆಚ್ಚಿಸಿ, ಉದ್ದ 3 ಅಡಿ ಇಡಿ’ ಎಂದು ಹೇಳಿ ಕಟ್ಟಿಸಿ. ಯಂತ್ರ ಸಿಗದಿದ್ದರೆ ಗಟ್ಟಿ ಹಲಗೆಯ ಪೆಟ್ಟಿಗೆ ಮಾಡಿ, ಜಾಕ್‌ನಿಂದ ಒತ್ತಿ ಕೈಯಲ್ಲೇ ಕಟ್ಟಬಹುದು. ಪಾಕಿಸ್ತಾನದಲ್ಲಿ 2005ರ ಭೂಕಂಪದ ನಂತರ ಹೀಗೆ ಕೈಯೊತ್ತಿನ ಸಣ್ಣ ಪೆಂಡಿಗಳಿಂದಲೇ ಮನೆ ಕಟ್ಟಿದರು. ಆ ಮಾದರಿಯ ಮನೆಯನ್ನು 2009ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಕಂಪನ ಮೇಜಿನ ಮೇಲೆ ಅಲ್ಲಾಡಿಸಿ ಪರೀಕ್ಷಿಸಲಾಯಿತು, ಬೀಳಲಿಲ್ಲ. ಆದರೆ 150 ಪೆಂಡಿ ಕೈಯಲ್ಲಿ ಒತ್ತುವುದು ದೊಡ್ಡ ದುಡಿಮೆ. ಎರಡು ಗೋಡೆಗಷ್ಟೇ ಆದರೆ ಮಾಡಬಹುದು.

ತೂಕ ಹಾಕಿ ಕೊಳ್ಳಿ. ಅಮೆರಿಕದ ಮಾದರಿ ವಸತಿ ಸಂಹಿತೆಯ 2015ರ ಆವೃತ್ತಿಯಲ್ಲಿ ಸೇರಿದ ಪೆಂಡಿ ಕಟ್ಟಡದ ಅನುಬಂಧ, ಒಣ ಹುಲ್ಲು ಘನ ಮೀಟರಿಗೆ 104 ಕೆ.ಜಿ.ಗಿಂತ ಕಡಿಮೆ ಇರಬಾರದು, ತೇವ 20 ಶೇಕಡಾ ಮೀರಬಾರದು ಎನ್ನುತ್ತದೆ. ಮೇಲಿನ ಅಳತೆಯ ಪೆಂಡಿ ಹಾಗಾದರೆ 15 ಕೆ.ಜಿ. ತೂಗಬೇಕು. 12–13 ಕೆ.ಜಿ.ಯದು ಸಡಿಲ, ಚಾವಣಿಯ ಕೆಳಗೆ ಆರು ತಿಂಗಳಲ್ಲಿ ಕುಗ್ಗಿ ಮೇಲ್ಗಡೆ ಸಂದು ಬಿಡುತ್ತದೆ. 20 ಕೆ.ಜಿ.ಯದು ಬಿಗಿಯಾಗಿದೆ ಎಂದು ಹಿಗ್ಗಬೇಡಿ, ಒದ್ದೆಯಿರಬಹುದು. ನಾಲ್ಕು ಪೆಂಡಿಗೆ ಗುರುತು ಹಾಕಿ, ನೆರಳಲ್ಲಿಟ್ಟು, ಒಂದು ವಾರ ದಿನವೂ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ಒಣಗಿಲ್ಲ ಎಂದರ್ಥ. ಪೆಂಡಿಯ ನಡುವಿಗೆ ಕೈ ತೂರಿಸಿದಾಗ ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ, ಕಪ್ಪು ಚುಕ್ಕೆ ಕಂಡರೆ ವಾಪಸ್ ಕಳಿಸಿ. ಒಂದು ಹುರಿ ಹಿಡಿದು ಎತ್ತಿದಾಗ ಆಕಾರ ಕೆಡಬಾರದು. ಹುರಿ ಪ್ಲಾಸ್ಟಿಕ್ಕಿನದೇ ಇರಲಿ. ಸೆಣಬಿನ ಸುತ್ತಳಿ ತೇವಕ್ಕೆ ಕೊಳೆಯುತ್ತದೆ.

ಮಲಗಿಸುವುದೋ, ಮಗ್ಗುಲಾಗಿ ನಿಲ್ಲಿಸುವುದೋ? ನಿಲ್ಲಿಸಿದರೆ ಗೋಡೆ 14 ಇಂಚಿಗೆ ಇಳಿದು, 100 ಪೆಂಡಿ ಸಾಕಾಗುತ್ತದೆ. ಎಳೆಗಳು ಶಾಖ ಹರಿಯುವ ದಿಕ್ಕಿಗೆ ಅಡ್ಡವಾಗುವುದರಿಂದ ಗೋಡೆ ತೆಳ್ಳಗಾದರೂ ತಂಪು ಕಡಿಮೆಯಾಗದು. ಆದರೆ ಹುರಿ ಗೋಡೆಯ ಮುಖಕ್ಕೇ ಬರುತ್ತದೆ. ಕಂಬಕ್ಕೋ ಕಿಟಕಿಗೋ ಕೊರೆಯಲು ಹೋದರೆ ಹುರಿ ಕತ್ತರಿಸಿ ಪೆಂಡಿಯೇ ಬಿಚ್ಚಿಹೋಗುತ್ತದೆ, ಮಣ್ಣೂ ಸರಿಯಾಗಿ ಕಚ್ಚುವುದಿಲ್ಲ. ಮೊದಲ ಸಲ ಕಟ್ಟುವವರು ಮಲಗಿಸಿಯೇ ಕಟ್ಟಿ.

ಪಾಯ: ಇಲ್ಲಿ ಉಳಿಸಲು ಹೋಗಬೇಡಿ

ನಮ್ಮಲ್ಲಿ ಪೆಂಡಿ ಗೋಡೆಯ ದೊಡ್ಡ ಶತ್ರು ಮಳೆಯಲ್ಲ, ಗೆದ್ದಲು. ಪಾಶ್ಚಾತ್ಯ ಮಾದರಿಯಲ್ಲಿ ಪಾಯದ ಮೇಲೆ ಮರದ ಪಟ್ಟಿಗಳನ್ನಿಟ್ಟು ಅದರ ಮೇಲೆ ಪೆಂಡಿ ಕೂರಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿಕೊಟ್ಟಂತೆ. ಪೆಂಡಿಯ ಕೆಳಗೆ ಕಲ್ಲೇ ಇರಬೇಕು.

ಹಳೇ ಸೈಜುಗಲ್ಲಿನಲ್ಲಿ, ಸಿಮೆಂಟು ಗಾರೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಪಾಯ ಏರಿಸಿ. ಅದರ ಮೇಲೆ ಹಳೇ ಶಹಾಬಾದ್ ಫರಸಿ ಅಥವಾ ಕಡಪ ಕಲ್ಲನ್ನು ಎರಡೂ ಕಡೆ ಎರಡಿಂಚು ಹೊರಚಾಚುವಂತೆ ಹಾಸಿ, ಸಂದುಗಳಿಗೆ ಸಿಮೆಂಟು ತುಂಬಿ. ಗೆದ್ದಲು ಒಳಗಿಂದೊಳಗೇ ಏರಲಾಗದೆ ಆ ಚಾಚನ್ನು ಬಳಸಿ ಹೊರಗೆ ಬರಬೇಕಾಗುತ್ತದೆ. ಆಗ ಅದರ ಮಣ್ಣಿನ ಹಾದಿ ನಿಮ್ಮ ಕಣ್ಣಿಗೆ ಬೀಳುತ್ತದೆ, ಕೆರೆದು ತೆಗೆಯಬಹುದು. ಒಳಗಿನ ನೆಲ ಈ ಫರಸಿಗಿಂತ ಅರ್ಧ ಅಡಿ ತಗ್ಗಿನಲ್ಲಿರಲಿ. ಹೆಚ್ಚಿನವರು ಹೊರಗಡೆ ಜಾಗ್ರತೆ ಮಾಡಿ ಒಳಗೆ ನೆಲವನ್ನು ಪೆಂಡಿಯ ಮಟ್ಟಕ್ಕೇ ತುಂಬಿಬಿಡುತ್ತಾರೆ. ಗೆದ್ದಲು ಹತ್ತುವುದು ಅಲ್ಲಿಂದಲೇ, ನೆಲ ತೊಳೆದ ನೀರು ಹುಲ್ಲಿಗೆ ಸೇರುವುದೂ ಅಲ್ಲಿಂದಲೇ. ಹೊರಗೆ ಗೋಡೆಯ ಸುತ್ತ ಒಂದೂವರೆ ಅಡಿ ಜಾಗ ಬರಿದಾಗಿರಲಿ. ಕಟ್ಟಿಗೆ ಒರಗಿಸುವುದು, ಬಳ್ಳಿ ಹಬ್ಬಿಸುವುದು ಬೇಡ.

ಎರೆ ನೆಲದಲ್ಲಿ ಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ಮೂರರಿಂದ ನಾಲ್ಕು ಅಡಿ ತೋಡಿ, ಆರಾರು ಇಂಚಿನ ಪದರವಾಗಿ ಗರಸು ಹಾಕಿ, ನೀರು ಹಾಯಿಸಿ ದಿಮ್ಮಿಸಿ ಬಡಿದು, ಆಮೇಲೆ ಕಲ್ಲು ಕಟ್ಟಿ. ಇದನ್ನು ತಪ್ಪಿಸಿ ಕಟ್ಟಿದರೆ ಇಟ್ಟಿಗೆಯ ಗೋಡೆ ಮೂಲೆಯಲ್ಲಿ ಸೀಳುತ್ತದೆ. ಪೆಂಡಿ ಗೋಡೆ ಬಾಗಬಲ್ಲದು, ಅದರ ಗಿಲಾವು ಬಾಗಲಾರದು.

ಕಂಬ ಬೇಕೇ?

ಪೆಂಡಿಯ ಮೇಲೇ ಚಾವಣಿ ಹೊರಿಸುವ ರೀತಿಯಲ್ಲಿ ಕಂಬದ ಖರ್ಚು ಉಳಿಯುತ್ತದೆ. ನಾವು ಅದನ್ನು ಬೇಡವೆನ್ನುತ್ತೇವೆ. ಗೋಡೆ ಕುಗ್ಗಿ ನಿಲ್ಲುವವರೆಗೆ ವಾರಗಟ್ಟಲೆ ಕಾಯಬೇಕು. ಆರು ಅಡಿಯ ಬಾಗಿಲಿಗೆ ಆಸ್ಪದವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಚಾವಣಿ ಕೊನೆಗೆ ಬರುವುದರಿಂದ ಅಷ್ಟೂ ದಿನ ಹುಲ್ಲು ಬಯಲಿನಲ್ಲಿರುತ್ತದೆ. ಏಪ್ರಿಲ್ಲಿನ ಒಂದು ಅಡ್ಡಮಳೆ ಸಾಕು. ಮೊದಲು ಕಂಬ, ಚಾವಣಿ. ಆ ನೆರಳಿನಲ್ಲಿ ಪೆಂಡಿ ಎಂಬುದೇ ಇಲ್ಲಿ ಸರಿಯಾದ ಕ್ರಮ.

ಹಳೇ ತೊಲೆ ಕಂಬಗಳು ಸಿಗುತ್ತವೆ, ಆದರೆ ನೆಲಕ್ಕೆ ತಾಗುವ ಮರ ಗೆದ್ದಲಿನ ಪಾಲು. ತೋಟದ ಬೇಲಿಗೆ ಹಾಕಿದ ಹಳೇ ಕಲ್ಲುಕಂಬ ಸಾಮಾನ್ಯವಾಗಿ 6–7 ಅಡಿಯದು, ಸಾಲದು. ಬತ್ತಿದ ಬೋರ್‌ವೆಲ್‌ನಿಂದ ಎತ್ತಿದ ಉಕ್ಕಿನ ಕೇಸಿಂಗ್ ಪೈಪು ಗುಜರಿಯಲ್ಲಿ ಸಿಕ್ಕಿದರೆ ಬಿಡಬೇಡಿ. 20 ಅಡಿಯ ಪೈಪನ್ನು ಎರಡಾಗಿ ಕತ್ತರಿಸಿದರೆ 10 ಅಡಿಯ ಎರಡು ಕಂಬ. ಎರಡು ಅಡಿ ಪಾಯದೊಳಗೆ ಕಾಂಕ್ರೀಟಿನಲ್ಲಿ ಹೂತರೆ ಮೇಲೆ 8 ಅಡಿ ಉಳಿಯಿತು. ಈ ಅಳತೆಯ ಶೆಡ್ಡಿಗೆ ಉದ್ದದ ಬದಿಗೆ ನಾಲ್ಕು ನಾಲ್ಕು, ಗಿಡ್ಡ ಬದಿಯ ನಡುವಿಗೆ ಒಂದೊಂದು, ಒಟ್ಟು ಹತ್ತು ಕಂಬ, ಅಂದರೆ ಐದು ಪೈಪು. ಸುತ್ತಿಗೆಯಲ್ಲಿ ಬಡಿದು ನೋಡಿ. ತುಕ್ಕು ಹೊಪ್ಪಳಿಕೆಯಾಗಿ ಏಳುವುದನ್ನು ಬಿಟ್ಟುಬಿಡಿ. ಗುಜರಿಯಲ್ಲಿ ಏನು ಕೊಂಡರೂ ರಸೀದಿ ಬರೆಸಿಕೊಳ್ಳಿ. ತೇಗ, ಬೀಟೆಯ ಹಳೇ ತೊಲೆ ಸಾಗಿಸುವ ಮುನ್ನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಕಂಬಗಳನ್ನು ಪೆಂಡಿಯೊಳಗೆ ಹುದುಗಿಸದೆ ಗೋಡೆಯ ಹೊರಮುಖಕ್ಕೆ ತಾಗಿಸಿ ನಿಲ್ಲಿಸಿ. ಪೆಂಡಿ ಕೊರೆಯುವ ಕೆಲಸ ತಪ್ಪುತ್ತದೆ, ಸೂರಿಗೆ ಓರೆ ಆಸರೆ ಕೊಡಲು ಅನುಕೂಲ, ತುಕ್ಕೂ ಗೆದ್ದಲೂ ಕಣ್ಣಿಗೆ ಕಾಣುತ್ತವೆ.

ಪೆಂಡಿ ಪೇರಿಸುವಾಗ ಇಟ್ಟಿಗೆಯಂತೆಯೇ ಸಂದಿನ ಮೇಲೆ ಸಂದು ಬಾರದಂತೆ ಏಳು ಸಾಲು. ಸೀಳಿದ ಬಿದಿರನ್ನು ಒಳಗೂ ಹೊರಗೂ ಎರಡೆರಡು ಅಡಿಗೆ ನಿಲ್ಲಿಸಿ, ಎರಡು ಸಾಲಿಗೊಮ್ಮೆ ಗೋಡೆಯ ಮೂಲಕ ಹುರಿ ತೂರಿಸಿ ಬಿಗಿಯಿರಿ. ಹುರಿ ತೂರಿಸಲು ದಬ್ಬಣ ಬೇಕು, 8 ಮಿ.ಮೀ. ಸಲಾಕೆಯನ್ನು ಎರಡೂವರೆ ಅಡಿ ಕತ್ತರಿಸಿ, ತುದಿ ಚಪ್ಪಟೆ ಬಡಿದು ತೂತು ಕೊರೆದರೆ ಆಯಿತು. ಗೋಡೆ ಮೊಳೆ ಹಿಡಿಯುವುದಿಲ್ಲ. ಶೆಲ್ಫು, ಸ್ವಿಚ್ ಬೋರ್ಡು ಎಲ್ಲಿ ಬರುತ್ತವೋ ಅಲ್ಲಿ ಹಳೇ ಮರದ ಪಟ್ಟಿಯನ್ನು ಹೊರಗಿನ ಕಂಬಕ್ಕೆ ಬಿಗಿದು ಗಿಲಾವಿಗೆ ಮೊದಲೇ ಇಟ್ಟುಬಿಡಿ. ವೈಸ್ ಕೂರಿಸುವ ಬೆಂಚು ಗೋಡೆಗೆ ತಾಗದೆ ತನ್ನ ಕಾಲ ಮೇಲೆ ನಿಲ್ಲಲಿ. ವೈರಿಂಗ್ ಪೂರ್ತಿ ಪೈಪಿನೊಳಗೆ, ಗೋಡೆಯ ಮೇಲ್ಮೈಯಲ್ಲೇ.

ಗೋಡೆಯ ನೆತ್ತಿಯ ಮೇಲೂ ಮಣ್ಣು ಬಳಿಯಲು ಮರೆಯಬೇಡಿ. ಚಾವಣಿಗೂ ಕೊನೆಯ ಪೆಂಡಿಗೂ ನಡುವೆ ಬಿಟ್ಟ ಸಂದು ಬೆಂಕಿಗೆ ಕೊಳವೆಯಾಗುತ್ತದೆ, ಇಲಿಗೆ ಮನೆಯಾಗುತ್ತದೆ. ಕೆಲಸ ನಡೆವಷ್ಟು ದಿನ ಬಿಡಿ ಹುಲ್ಲನ್ನು ದಿನಕ್ಕೆ ಎರಡು ಸಲ ಗುಡಿಸಿ ದೂರ ಹಾಕಿ. ಬೀಡಿ, ಗ್ರೈಂಡರ್ ಹತ್ತಿರ ಬರಬಾರದು, 200 ಲೀಟರಿನ ಎರಡು ಡ್ರಮ್ಮು ನೀರು ತುಂಬಿ ನಿಂತಿರಬೇಕು. ಪೆಂಡಿ ಕಟ್ಟಡಗಳಿಗೆ ಬೆಂಕಿ ಬೀಳುವ ಹೊತ್ತು ಗಿಲಾವಿಗೆ ಮುಂಚಿನ ಈ ದಿನಗಳೇ.

ಚಾವಣಿ: ಹಂಚೋ, ತಗಡೋ

ಬರಿಯ ತಗಡಿನ ಕೆಳಗೆ ಪೆಂಡಿ ಗೋಡೆ ಕಟ್ಟುವುದು ವ್ಯರ್ಥ. ಮೇ ತಿಂಗಳ ಮಧ್ಯಾಹ್ನ ತಗಡು ಉಗುಳುವ ಬಿಸಿಯನ್ನು ಯಾವ ಗೋಡೆಯೂ ಸರಿಪಡಿಸಲಾರದು. ಗೋಡೆಗೋ ಚಾವಣಿಗೋ ಒಂದಕ್ಕೆ ಮಾತ್ರ ದುಡ್ಡಿದ್ದರೆ, ಚಾವಣಿಗೆ ಹಾಕಿ.

ಹಳೇ ಮಂಗಳೂರು ಹಂಚು ಹೇರಳವಾಗಿ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಕರಾವಳಿ ಮಲೆನಾಡುಗಳ ಮನೆ ಮುಚ್ಚಿದ ಹಂಚು ಈಗ ಆರ್‌ಸಿಸಿ ಮನೆಗಳಿಗೆ ಜಾಗ ಬಿಟ್ಟು ರಾಶಿಯಾಗುತ್ತಿದೆ. ಗೋಡೆಯಿಂದ ಸುತ್ತಲೂ 3 ಅಡಿ ಸೂರು ಚಾಚಿ, 26 ಡಿಗ್ರಿ ಇಳಿಜಾರು ಕೊಟ್ಟರೆ 635 ಚದರಡಿ ಚಾವಣಿ. 900 ಹಂಚು ಬೇಕು, ಒಡಕಿಗೆ 100 ಹೆಚ್ಚು ತನ್ನಿ. ಬೆರಳಿನಿಂದ ಬಡಿದಾಗ ‘ಟಣ್’ ಎನ್ನಬೇಕು. ಒಂದೇ ಕಾರ್ಖಾನೆಯ ಗುರುತಿನ ಹಂಚುಗಳನ್ನೇ ಆರಿಸಿ, ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಕೂರದೆ ಸೋರುತ್ತವೆ. ರೀಪಿನ ಅಂತರವನ್ನು ನಿಮ್ಮ ಹಂಚನ್ನು ನೆಲದ ಮೇಲೆ ಜೋಡಿಸಿ ಅಳೆದೇ ತೀರ್ಮಾನಿಸಿ. ಹೆಚ್ಚುಕಡಿಮೆ ಹನ್ನೆರಡೂವರೆ ಇಂಚು ಬರುತ್ತದೆ. ಎರಡು ಟನ್ನಿಗೂ ಮೀರಿದ ಭಾರ ಇದು. ತೊಲೆ ಗಟ್ಟಿಯಿರಬೇಕು.

ಹಳೇ ಜಿಂಕ್ ತಗಡು ಹಗುರ, ಮರ ಕಡಿಮೆ ಸಾಕು, 10–15 ಡಿಗ್ರಿ ಇಳಿಜಾರಿಗೂ ನಡೆಯುತ್ತದೆ. ಬೆಳಕಿಗೆ ಹಿಡಿದು ಸೂಜಿತೂತು ನೋಡಿ. ಹಳೇ ಮೊಳೆತೂತುಗಳು ಉಬ್ಬಿನ ಮೇಲೇ ಬರುವಂತೆ ಹೊದಿಸಿ. ಮುಂಗಾರಿಗೆ ಮುಂಚಿನ ಬಿರುಗಾಳಿ ತಗಡು ಕೀಳುವುದು ಅಂಚಿನಿಂದ. ಸೂರಿನ ಅಂಚಿನಲ್ಲಿ ಪ್ರತಿ ಉಬ್ಬಿಗೂ ಹುಕ್ ಹಾಕಿ, ತೊಲೆಯನ್ನು ಉಕ್ಕಿನ ಪಟ್ಟಿಯಿಂದ ಕಂಬಕ್ಕೆ ಬಿಗಿಯಿರಿ. ಹಳೇ ಆಸ್ಬೆಸ್ಟಾಸ್ ಶೀಟು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ತೂತು ಕೊರೆದಾಗ, ಮುರಿದಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ.

ಹಂಚಾಗಲಿ ತಗಡಾಗಲಿ ಕೆಳಗೆ ಒಂದು ಒಳಚಾವಣಿ ಬೇಕು. ಬಿದಿರಿನ ತಟ್ಟಿ ಹಾಸಿ, ಮಣ್ಣುನೀರಲ್ಲಿ ಅದ್ದಿ ಹಿಂಡಿದ ಹುಲ್ಲನ್ನು ನಾಲ್ಕಿಂಚು ಹರಡಿ, ಒಣಗಿದ ಮೇಲೆ ಕೆಳಗಿನಿಂದ ತೆಳ್ಳಗೆ ಮಣ್ಣು ಬಳಿಯಿರಿ. ಮೇಲೆ ಹಂಚಿಗೂ ಇದಕ್ಕೂ ನಡುವೆ ಗಾಳಿ ಆಡಲು ಎರಡೂ ತುದಿಯಲ್ಲಿ ಜಾಲರಿ ಬಿಗಿದ ಕಿಂಡಿ ಬಿಡಿ. 216 ಚದರಡಿಗೆ ಇದು ಐದಾರು ಕ್ವಿಂಟಲ್ ತೂಗುತ್ತದೆ. ತೊಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಗಿಲಾವು: ಮಣ್ಣು, ಸುಣ್ಣ, ಸಿಮೆಂಟು

ಗೌಂಡಿಗಳು ಸಿಮೆಂಟೇ ಹಾಕೋಣ ಎನ್ನುತ್ತಾರೆ. ಒಪ್ಪಬೇಡಿ. ಹುಲ್ಲಿನ ಮೇಲೆ ಸಿಮೆಂಟು ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲಾರದೆ ಗೋಡೆಯೊಳಗೇ ಕೊಳೆಸುತ್ತದೆ. ಮೇಲೆ ಗಟ್ಟಿಯಾಗಿಯೇ ಕಾಣುತ್ತಿರುವುದರಿಂದ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಒಳಗೆ ಮೂರು ಪದರವೂ ಮಣ್ಣು, ಹೊರಗೆ ಎರಡು ಪದರ ಮಣ್ಣು ಮೇಲೊಂದು ಸುಣ್ಣ. ಒಟ್ಟು ದಪ್ಪ ಒಂದೂವರೆಯಿಂದ ಎರಡು ಇಂಚು. ಮಣ್ಣು, ಮರಳು ಸೇರಿ 180 ಘನ ಅಡಿ ಬೇಕು, ಅಂದರೆ ಸುಮಾರು ಎರಡು ಟ್ರ್ಯಾಕ್ಟರ್ ಲೋಡು. ಕೆಂಪು ಮಣ್ಣು ಇರಲಿ. ಎರೆ ಮಣ್ಣು ಒಣಗುವಾಗ ವಿಪರೀತ ಕುಗ್ಗುತ್ತದೆ. ಪ್ರತಿ ಊರಿನ ಮಣ್ಣೂ ಬೇರೆಯಾದ್ದರಿಂದ ಒಂದು ಪೆಂಡಿಯ ಮೇಲೆ ಮಣ್ಣಿಗೆ ಮರಳು 1:1, 1:1½, 1:2 ಹೀಗೆ ಒಂದೊಂದು ಅಡಿ ಅಗಲದ ಮೂರು ತೇಪೆ ಹಾಕಿ, ವಾರ ಬಿಟ್ಟು ನೋಡಿ. ಬಿರಿದರೆ ಮರಳು ಸಾಲದು, ಬೆರಳಿಗೆ ಪುಡಿಯಾದರೆ ಮರಳು ಹೆಚ್ಚು. ಬೆರಳುದ್ದ ಕತ್ತರಿಸಿದ ಹುಲ್ಲನ್ನು ಮಣ್ಣಿನ ಅರ್ಧದಷ್ಟು ಗಾತ್ರ ಸೇರಿಸಿ, ಎರಡು ಮೂರು ದಿನ ಕೊಳೆಹಾಕಿ ತುಳಿದರೆ ಅಂಟು ಬರುತ್ತದೆ.

ಮೊದಲ ಪದರ ತೆಳ್ಳನೆಯ ಮಣ್ಣುನೀರು. ಕೈಯಿಂದಲೇ ಹುಲ್ಲಿನೊಳಗೆ ಉಜ್ಜಿ ಇಳಿಸಬೇಕು, ಕರಣೆ ಬೇಡ. ಗಿಲಾವು ಹಾಳೆಯಂತೆ ಎದ್ದು ಬರುವುದಕ್ಕೆ ಕಾರಣ ಬಹುಮಟ್ಟಿಗೆ ಈ ಪದರದ ಅವಸರವೇ. ಎರಡನೆಯದು ಒಂದಿಂಚು, ಅದರಡಿ ಗೋಡೆಯ ಬುಡದ ಒಂದು ಅಡಿ ಎತ್ತರಕ್ಕೆ ಹಳೇ ಕೋಳಿ ಜಾಲರಿ ಬಿಗಿದರೆ ಇಲಿ ಕೊರೆಯಲಾರದು. ಬಾಗಿಲು ಕಿಟಕಿಯ ಚೌಕಟ್ಟಿಗೆ ಮಣ್ಣು ತಾಗುವೆಡೆ ಗೋಣಿ ಪಟ್ಟಿ ಕೊಡಿ, ಇಲ್ಲದಿದ್ದರೆ ಅಲ್ಲೇ ಬಿರಿಯುತ್ತದೆ. ಮೂರನೆಯದು ಅರ್ಧ ಇಂಚು. ಸುಣ್ಣವನ್ನು ಕನಿಷ್ಠ ಮೂರು ವಾರ ನೀರಲ್ಲಿ ನೆನೆಸಿಟ್ಟು, ಒಂದಕ್ಕೆ ಮೂರು ಮರಳು ಸೇರಿಸಿ, ಹಾಕಿದ ಮೇಲೆ ಒಂದು ವಾರ ಒದ್ದೆ ಗೋಣಿ ಇಳಿಬಿಡಿ. ಹೊರಗೆ ಆಯಿಲ್ ಪೇಂಟ್, ಎಮಲ್ಷನ್ ಬೇಡ. ಉಗಾದಿಗೆ ಸುಣ್ಣ ಬಳಿಯುವ ರೂಢಿಯೇ ಈ ಗೋಡೆಗೆ ಸಾಕು.

ಹಂಗಾಮು ತಪ್ಪಿದರೆ ಇದೆಲ್ಲ ಕೆಡುತ್ತದೆ. ಮುಂಗಾರು ಬೆಳೆಯ ಕಟಾವು ನವೆಂಬರ್–ಡಿಸೆಂಬರಿನಲ್ಲಿ. ಆಗಲೇ ಪೆಂಡಿ ಕಟ್ಟಿಸಿ, ಕಲ್ಲಿನ ಮೇಲೆ ಪೇರಿಸಿ, ತಾಡಪಾಲು ಹೊದಿಸಿ ಇಡಿ. ಜನವರಿಗೆ ಪಾಯ, ಫೆಬ್ರುವರಿಗೆ ಕಂಬ ಚಾವಣಿ, ಮಾರ್ಚ್ ಮೊದಲ ವಾರ ಗೋಡೆ, ಏಪ್ರಿಲ್ ಕೊನೆಯೊಳಗೆ ಗಿಲಾವು. ಫೆಬ್ರುವರಿ ಮುಗಿದರೂ ಚಾವಣಿ ಏರದಿದ್ದರೆ ಪೆಂಡಿಯನ್ನು ದನ ಸಾಕಿದವರಿಗೆ ಮಾರಿ, ಆ ವರ್ಷ ಇಟ್ಟಿಗೆಯ ಗೋಡೆ ಕಟ್ಟಿ. ಅರ್ಧ ಗಿಲಾವಾದ ಪೆಂಡಿ ಗೋಡೆಯನ್ನು ಮುಂಗಾರಿಗೆ ಒಡ್ಡುವುದಕ್ಕಿಂತ ಅದು ಮೇಲು.

ಮೊದಲ ಮಳೆಗಾಲ ಮುಗಿದ ಮೇಲೆ ಕಿಟಕಿಯ ಕೆಳಭಾಗ ಮತ್ತು ಪಡುವಣ ಗೋಡೆಯ ಬುಡವನ್ನು ಪರೀಕ್ಷಿಸಿ, ನೀರು ಸೇರುವುದಿದ್ದರೆ ಅಲ್ಲೇ. ಬಡಿದಾಗ ಬೊಳ್ಳೆನ್ನುವ ಜಾಗವನ್ನು ಒಡೆದು, ಕಪ್ಪಾದ ಹುಲ್ಲನ್ನು ಕೈಗೆ ಒಣ ಎಳೆ ಸಿಗುವವರೆಗೆ ಕಿತ್ತು, ಎರಡು ವಾರ ತೆರೆದಿಟ್ಟು ಒಣಗಿಸಿ. ಆಮೇಲೆ ಮಣ್ಣುನೀರಲ್ಲಿ ಅದ್ದಿದ ಹೊಸ ಹುಲ್ಲನ್ನು ಬಿಗಿಯಾಗಿ ತುರುಕಿ ಮತ್ತೆ ಗಿಲಾವು ಮಾಡಿ. ಅದಕ್ಕೂ ಮೊದಲು ನೀರು ಬಂದ ದಾರಿಯನ್ನು ಮುಚ್ಚಿರಬೇಕು. ಬಹಳ ಸಲ ಅದು ಕಿಟಕಿಯ ಹೊಸ್ತಿಲ ಕಲ್ಲು ಒಳಗಡೆಗೆ ಇಳಿಜಾರಾಗಿರುವುದೇ ಆಗಿರುತ್ತದೆ.